ಕಾವಲು ಕಣಗಳ ತವರು

ಕೆರೆಯ ಬಸವನಹುಳುವೊಂದರ ಮೈಯೊಳಗೆ ಪರಾವಲಂಬಿ ಹುಳು ನುಗ್ಗಿತು. ಅದು ಗೆದ್ದರೆ ಒಂದು ನೂರಾಗಿ ಬೆಳೆದು, ಬಸವನಹುಳು ಖಾಲಿ ಚಿಪ್ಪಾಗುವುದು ಖಂಡಿತ. ಬಸವನಹುಳುವಿನ ರಕ್ತದಲ್ಲಿ ತಿರುಗುವ ಕಾವಲು ಕಣಗಳು ಬಂದು ಪರಾವಲಂಬಿಯ ಮೈಗೆ ಅಂಟಿಕೊಂಡವು. ಹತ್ತನ್ನು ಕೊಂದರೆ ಇಪ್ಪತ್ತು ಬಂದವು.

'ಅಂಗಡಿಯವನ ಜೊತೆ ಜಗಳವಾಡಿ ಏನು ಬಂತು, ಸರಕು ಬರುವ ಕಡೆಯನ್ನೇ ಹಿಡಿಯಬೇಕು' ಎಂದುಕೊಂಡ ಹುಳು, ಒಂದು ಮುದಿ ಕಣವನ್ನು ಅದುಮಿ ಹಿಡಿಯಿತು.

"ಅಜ್ಜಾ, ನಿಮ್ಮವರು ಹುಟ್ಟುವುದು ಎಲ್ಲಿ? ಹೇಳಿದರೆ ಬಿಡುತ್ತೇನೆ."

"ಹೃದಯದ ಪಕ್ಕದ ಪೊರೆಯ ಮಡಿಕೆಯಲ್ಲಿ. ನಾನೂ ಅಲ್ಲೇ ಹುಟ್ಟಿದವನು."

"ಇಷ್ಟು ಬೇಗ ಬಾಯಿ ಬಿಟ್ಟೆಯಲ್ಲ! ನಿನ್ನಂಥವರು ಇನ್ನೂ ನಾಲ್ಕು ಜನ ಇದ್ದಿದ್ದರೆ ನನ್ನ ಕೆಲಸ ಎಷ್ಟು ಸಲೀಸಾಗುತ್ತಿತ್ತು."

"ಸುಳ್ಳು ಹೇಳಿಲ್ಲ. ಹೋಗಿ ನೋಡು."

ಹುಳು ಹೋಗಿ ನೋಡಿತು. ಮಾತು ನಿಜವೇ ಆಗಿತ್ತು. ಮಡಿಕೆಯ ಬಾಯಿಗೆ ಅಡ್ಡ ಮಲಗಿ, ಹೊರಬಂದ ಎಳೆಯ ಕಣಗಳನ್ನೆಲ್ಲ ಹೊಸಕಿಹಾಕಿತು. ಕೊನೆಗೆ ಅಲ್ಲಿಂದ ಬರುವವರೇ ಇಲ್ಲವಾದಾಗ, ನೆಮ್ಮದಿಯಿಂದ ಮೈ ಚಾಚಿತು. ಆಗ ಬಾಲಕ್ಕೆ ಏನೋ ಅಂಟಿತು. ತಿರುಗಿ ನೋಡಿದರೆ ಬೆನ್ನಿನ ತುಂಬ ಕಣಗಳು! ಎಲ್ಲರಿಗಿಂತ ಮುಂದೆ ನಿಂತಿದ್ದ ಆ ಮುದಿ ಕಣ, ನೋಡುತ್ತಿದ್ದಂತೆಯೇ ನಡುವೆ ಸೀಳಿ ಎರಡಾಯಿತು.

"ಮೋಸಗಾರ! ಬಾಗಿಲು ಮುಚ್ಚಿದ್ದೇನೆ. ಇವರೆಲ್ಲ ಎಲ್ಲಿಂದ ಬಂದರು?"

"ನೀನು ಮುಚ್ಚಿದ ಸುದ್ದಿ ತಲುಪಿತಪ್ಪಾ," ಎಂದಿತು ಒಂದು.

"ಅದಕ್ಕೇ ನಿಂತಲ್ಲೇ ಹುಟ್ಟುತ್ತಿದ್ದೇವೆ," ಎಂದಿತು ಇನ್ನೊಂದು.

ಎರಡೂ ಒಟ್ಟಿಗೇ ಮುಂದೆ ಸರಿದು, ಹುಳುವಿನ ಬಾಯಿಯ ಮೇಲೆ ಕುಳಿತವು.