ದುಗ್ಗಿಬಂಡೆಯನ್ನು ಕಳ್ಳಿಬಂಡೆ ಎನ್ನಬೇಡಿ

ಮುಳ್ಳುಕೋಡಿಯ ಅಳಿವೆಯ ಬಡಗು ದಿಕ್ಕಿಗೆ ಮುರಕಲ್ಲಿನ ಸಣ್ಣ ಗುಡ್ಡೆಯೊಂದಿದೆ. ಅದರ ನೆತ್ತಿಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ, ನೀರು ಇಳಿದ ಹೊತ್ತಿನಲ್ಲಿ, ಕಡಲ ನಡುವೆ ಕಪ್ಪು ಬಂಡೆಯೊಂದು ಬೆನ್ನು ತೋರಿಸುತ್ತದೆ. ಅದರ ಬುಡದಲ್ಲಿ ಹಳೆಯ ಕಾಲದ ಮರದ ಹಡಗೊಂದು ಮುರಿದು ಬಿದ್ದಿದೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಊರೂರಿನ ಜನ ರಬ್ಬರಿನ ಕರಿ ಅಂಗಿ ತೊಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಅದನ್ನು ನೋಡಲು ಮುಳುಗುತ್ತಾರೆ. ಮುಳುಗಲಿ, ನನ್ನದೇನೂ ತಕರಾರಿಲ್ಲ, ಕಡಲು ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ಅವರನ್ನು ಕರೆದೊಯ್ಯುವ ಡೈವಿಂಗ್ ಕಂಪನಿಯವರು ದೋಣಿ ಹತ್ತುವ ದಕ್ಕೆಯಲ್ಲಿ ನಿಲ್ಲಿಸಿರುವ ಬೋರ್ಡನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. 'ಕಳ್ಳಿಬಂಡೆ' ಎಂದು ದಪ್ಪಕ್ಷರದಲ್ಲಿ ಬರೆಸಿ, ಪಕ್ಕದಲ್ಲಿ ತಲೆ ಕೆದರಿಕೊಂಡ, ಕೋರೆಹಲ್ಲಿನ ಹೆಂಗಸೊಬ್ಬಳು ದೀಪ ಹಿಡಿದು ನಗುತ್ತಿರುವ ಚಿತ್ರ ಹಾಕಿಸಿದ್ದಾರೆ. ಅವಳು ಸುಳ್ಳು ದೀಪ ತೋರಿಸಿ ಹಡಗನ್ನು ಬಂಡೆಗೆ ಬಡಿಸಿದಳಂತೆ, ಚಿನ್ನ ದೋಚಿದಳಂತೆ, ಈಗಲೂ ನೀರಿನಡಿ ಕೂತು ಮುಳುಗಿದವರ ಕಾಲು ಎಳೆಯುತ್ತಾಳಂತೆ. ದೋಣಿಯಲ್ಲಿ ಕುಳಿತವರು ಇದನ್ನು ಕೇಳಿ ಕಿರುಚುತ್ತಾರೆ, ನಗುತ್ತಾರೆ, ಫೋಟೋ ಹೊಡೆದುಕೊಳ್ಳುತ್ತಾರೆ. ಥೂ, ನಾಚಿಕೆಯಾಗಬೇಕು!

ಆ ಬಂಡೆಗೆ ನಮ್ಮ ಕೇರಿಯ ಹೆಂಗಸರು ಇಟ್ಟ ಹೆಸರು ದುಗ್ಗಿಬಂಡೆ. ನಾನು ದೋಣಿ ಕಟ್ಟುವವರ ಮನೆಯವನು. ನನ್ನ ದೊಡ್ಡಮ್ಮ ಮೀನು ಒಣಗಿಸುತ್ತ ಹೇಳಿದ್ದನ್ನು, ಅವಳಿಗೆ ಅವಳ ಅಜ್ಜಿ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಕಾದವರು ನಂಬಲಿ, ಬೇಡದವರು ಬೋರ್ಡು ಓದಿಕೊಂಡು ಹೋಗಲಿ.

ಹಿಂದೆ ಒಮ್ಮೆ, ಈ ಅಳಿವೆಗೆ ಅರಬರ ನಾಡಿನ ಹಡಗುಗಳು ಖರ್ಜೂರ ತಂದು ಅಕ್ಕಿ, ಕಾಳುಮೆಣಸು ಹೇರಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ನಮ್ಮ ಕೇರಿಯಲ್ಲಿ ದುಗ್ಗಿ ಎಂಬವಳಿದ್ದಳು ಎನ್ನುತ್ತಾರೆ. ಗಂಡ ಕುಪ್ಪ ಬಲೆ ಬೀಸುವವನು, ಮಡಿಲಲ್ಲಿ ಒಂದು ಹೆಣ್ಣುಕೂಸು. ನಮ್ಮ ಕೇರಿಯಲ್ಲಿ ಆಗಲೂ ಈಗಲೂ ಒಂದು ಪದ್ಧತಿಯಿದೆ. ಕಡಲಿಗೆ ಹೋದ ದೋಣಿ ಹೊತ್ತಿಗೆ ಸರಿಯಾಗಿ ಬರದಿದ್ದರೆ, ಆ ಮನೆಯ ಹೆಂಗಸು ತನ್ನ ಒಲೆಯ ಕೆಂಡವನ್ನೇ ಮಡಕೆಯಲ್ಲಿ ಹೊತ್ತು ಗುಡ್ಡೆಯ ಮೇಲೆ ಬೆಂಕಿ ಹಾಕಬೇಕು. ಬೇರೆ ಮನೆಯ ಕೆಂಡ ಆಗದು. ಹಾಕಿದ ಬೆಂಕಿಯನ್ನು ಯಾರೂ ನಂದಿಸುವಂತಿಲ್ಲ, ಅವಳೂ ನಂದಿಸುವಂತಿಲ್ಲ. ಕಡಲಿನಿಂದ ಬಂದವನೇ ಗುಡ್ಡೆ ಹತ್ತಿ, ಉಪ್ಪುನೀರು ತೊಟ್ಟಿಕ್ಕುವ ಕಾಲಿನಿಂದ ಅದನ್ನು ತುಳಿದು ಆರಿಸಬೇಕು. ಅವನು ಬಾರದೆ ಬೆಂಕಿ ಆರಿಸಿದರೆ ಬದುಕಿರುವವನಿಗೆ ಎಳ್ಳುನೀರು ಬಿಟ್ಟ ಹಾಗೆ. ಈಗ ಮೊಬೈಲು ಬಂತು, ವೈರ್‌ಲೆಸ್ಸು ಬಂತು, ಅಡುಗೆಗೆ ಗ್ಯಾಸೂ ಬಂತು, ಆದರೂ ನಮ್ಮ ಹೆಂಗಸರು ಬಚ್ಚಲೊಲೆಯ ಕೆಂಡ ತೆಗೆದುಕೊಂಡು ಹೋಗುವುದನ್ನು ಬಿಟ್ಟಿಲ್ಲ.

ಆ ದಿನ ಕುಪ್ಪ ಬೆಳಿಗ್ಗೆಯೇ ತೆಂಕಣಕ್ಕೆ ಹೋಗಿದ್ದ. ಮಧ್ಯಾಹ್ನ ಖರ್ಜೂರ ತುಂಬಿದ ಹಡಗೊಂದು ಅಳಿವೆಯ ಹೊರಗೆ ಬಂದು ಲಂಗರು ಹಾಕಿತು. ಹಾಡುಹಗಲಲ್ಲಿ, ಊರೆಲ್ಲ ನೋಡುತ್ತಿದ್ದಂತೆ ಹಾಕಿತು ಎಂಬುದನ್ನು ದಯವಿಟ್ಟು ನೆನಪಿಡಿ. ಗಾಳಿಯ ಲಕ್ಷಣ ಚೆನ್ನಾಗಿಲ್ಲ, ಬೇಗ ಒಳಗೆ ಬಿಡಿ ಎಂದು ಹಡಗಿನವರು ಸಣ್ಣ ದೋಣಿಯಲ್ಲಿ ಆಳು ಕಳುಹಿಸಿ ಬೇಡಿಕೊಂಡರು. ಬಂದರದ ಪಾರುಪತ್ಯಗಾರ ಭರ್ಜರಿ ಊಟ ಮಾಡಿ ಮಲಗಿದ್ದ. ತಾನು ಬಂದು ಸರಕು ನೋಡದೆ ಹಡಗು ಅಳಿವೆ ದಾಟಕೂಡದು, ನಾಳೆ ನೋಡೋಣ ಎಂದು ಮಲಗಿದಲ್ಲಿಂದಲೇ ಹೇಳಿಸಿದನಂತೆ. ಅವನ ಹೆಸರನ್ನು ಜನ ಉಳಿಸಿಕೊಂಡಿಲ್ಲ, ಒಳ್ಳೆಯದೇ ಆಯಿತು. ಸಂಜೆಗೆ ಬಿರುಗಾಳಿ ಎದ್ದಿತು. ಕುಪ್ಪ ಬರಲಿಲ್ಲವೆಂದು ದುಗ್ಗಿ ಕೆಂಡ ಹೊತ್ತು ಗುಡ್ಡೆ ಹತ್ತಿದಳು. ಅತ್ತ ಲಂಗರಿನ ಹಗ್ಗ ಹರಿಯಿತು. ಹಡಗು ಅಡ್ಡಡ್ಡಲಾಗಿ ತೇಲಿಹೋಗಿ ಬಂಡೆಗೆ ಬಡಿದು ಎರಡಾಯಿತು. ಹಡಗಿನ ಜನರಲ್ಲಿ ದಡ ಮುಟ್ಟಿದವರು ಕಡಿಮೆ.

ಬೆಳಗಾದಾಗ ಮರಳಿನ ಮೇಲೆ ಹೆಣಗಳೂ ಖರ್ಜೂರದ ಬುಟ್ಟಿಗಳೂ ಬಂದು ಬಿದ್ದಿದ್ದವು. ನಮ್ಮ ಕೇರಿಯ ಗಂಡಸರು ಹೆಣಗಳನ್ನು ಬದಿಗೆ ಸರಿಸಿ ಬುಟ್ಟಿಗಳನ್ನು ಮನೆಗೆ ಸಾಗಿಸಿದರು. ಹೌದು, ನಮ್ಮವರೇ! ಹೇಳದೆ ಬಿಡುವುದಕ್ಕೆ ನಾನು ಕಂಪನಿಯವನಲ್ಲ. ಪಾರುಪತ್ಯಗಾರನಿಗೆ ನಡುಕ ಹತ್ತಿತು. ಹಡಗನ್ನು ಹೊರಗೆ ನಿಲ್ಲಿಸಿದ್ದು ಯಾಕೆ ಎಂದು ಮೇಲಿನವರು ಕೇಳಿದರೆ ತನ್ನ ತಲೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆಗ ಗುಡ್ಡೆಯ ಮೇಲಿನ ಹೊಗೆ ಅವನ ಕಣ್ಣಿಗೆ ಬಿತ್ತು. 'ಇವಳೇ ಕಳ್ಳಿ, ದೀಪ ತೋರಿಸಿ ಹಡಗು ಒಡೆಸಿದವಳು ಇವಳೇ' ಎಂದು ಕೂಗಾಡಿದ. ಹಡಗು ಹಗಲಿನಿಂದಲೇ ಲಂಗರಿನಲ್ಲಿತ್ತು ಎಂದು ಒಬ್ಬನಾದರೂ ಬಾಯಿ ಬಿಡಬಹುದಿತ್ತಲ್ಲ? ಬಿಡಲಿಲ್ಲ. ಮನೆಯೊಳಗೆ ಬುಟ್ಟಿ ಬಚ್ಚಿಟ್ಟವರೆಲ್ಲ ನೆಲ ನೋಡುತ್ತ ನಿಂತರು.

'ಊರವರ ಎದುರು ಆ ಬೆಂಕಿ ಆರಿಸು, ತಪ್ಪಾಯಿತು ಎನ್ನು, ಬಿಟ್ಟುಬಿಡುತ್ತೇನೆ' ಎಂದು ಪಾರುಪತ್ಯಗಾರ ಹೇಳಿದ. ದುಗ್ಗಿ ಮಗುವನ್ನು ತನ್ನ ತಾಯಿಯ ಕೈಗೆ ಕೊಟ್ಟು ಬೆಂಕಿಯ ಮುಂದೆ ನಿಂತಳು. 'ಅದು ದೀಪವಲ್ಲ ಒಡೆಯಾ, ನನ್ನ ಮನೆಯ ಒಲೆ. ಗಂಡ ಬಾರದೆ ನಾನು ಆರಿಸುವುದಿಲ್ಲ' ಎಂದಳು. ಅವನ ಆಳುಗಳು ಕೊಡಗಟ್ಟಲೆ ನೀರು ಸುರಿದು ಬೆಂಕಿ ಆರಿಸಿದರು. ಅವಳನ್ನು ದೋಣಿಗೆ ಹಾಕಿ, ನೀರು ಇಳಿದಿದ್ದಾಗ ಬಂಡೆಯ ಮೇಲೆ ಬಿಟ್ಟು ಬಂದರು. ಭರತ ಬಂದು ನೀರು ಬಂಡೆಯ ಮೇಲೇರಿತು. ಊರು ದಡದಲ್ಲಿ ನಿಂತು ನೋಡಿತು.

ಆಮೇಲೆ, ಗಾಳಿ ತಗ್ಗಿದ ಮೇಲೆ, ಕುಪ್ಪ ಬಂದ. ತೆಂಕಣದ ಯಾವುದೋ ಹೊಳೆಬಾಯಿಯಲ್ಲಿ ದೋಣಿ ಸೇರಿಸಿ ಜೀವ ಉಳಿಸಿಕೊಂಡಿದ್ದನಂತೆ. ಬಂದವನು ಮನೆಗೂ ಹೋಗದೆ, ಒದ್ದೆಗಾಲಿನಲ್ಲೇ, ಪದ್ಧತಿಯಂತೆ ನೇರ ಗುಡ್ಡೆ ಹತ್ತಿದ. ಅಲ್ಲಿ ನೀರಿನಲ್ಲಿ ಕಲಸಿದ ಬೂದಿ ಬಿದ್ದಿತ್ತು. ಕೆಳಗಿಳಿದು ಮನೆಮನೆಯ ಬಾಗಿಲಲ್ಲಿ ನಿಂತು 'ಯಾರು ಆರಿಸಿದ್ದು?' ಎಂದು ಕೇಳಿದ. ಕೊನೆಗೆ ದುಗ್ಗಿಯ ತಾಯಿ ಬಂಡೆಯ ಕಡೆಗೆ ಕೈ ತೋರಿಸಿದಳು. ಅವನು ದೋಣಿ ಹತ್ತಿ ಅತ್ತ ಹೋದ, ಮತ್ತೆ ಬರಲಿಲ್ಲ ಎನ್ನುತ್ತಾರೆ. ಅಂದಿನಿಂದ ಹೆಂಗಸರು ಅದನ್ನು ದುಗ್ಗಿಬಂಡೆ ಎಂದರು. ಬಂದರದವರು ಕಳ್ಳಿಬಂಡೆ ಎಂದರು. ನಮ್ಮ ಗಂಡಸರು, ತಾವು ತಿಂದ ಖರ್ಜೂರ ನೆನಪಾಗದಿರಲಿ ಎಂದೋ ಏನೋ, ಬಂದರದವರ ಹೆಸರನ್ನೇ ಹಿಡಿದರು. ಅಷ್ಟೇ ಅಲ್ಲ, ದುಗ್ಗಿಯ ಸಂತತಿಯ ಮನೆಯ ಕೆಂಡ ಇನ್ನು ಗುಡ್ಡೆ ಹತ್ತಕೂಡದು ಎಂದು ಕಟ್ಟು ಮಾಡಿದರು. ಎಂಥ ಅನ್ಯಾಯ ನೋಡಿ! ಆ ಮನೆಯ ಗಂಡಸರು ಕಡಲಿಗೆ ಹೋಗಬಹುದು, ಆದರೆ ಅವರ ಹೆಂಗಸರು ಕಾಯುವಂತಿಲ್ಲ.

ಆ ಸಂತತಿ ಹೆಣ್ಣುಮಕ್ಕಳಿಂದ ಹೆಣ್ಣುಮಕ್ಕಳಿಗೆ ಇಳಿದು ಈಗ ನನ್ನ ನೆರೆಮನೆಯ ಗುಲಾಬಿಯಲ್ಲಿ ಬಂದು ನಿಂತಿದೆ. ಅವಳ ಗಂಡ ಶೀನ ಮೀನುಗಾರ. ಮಗಳು ವನಿತಾ ಈಜುವುದರಲ್ಲಿ ಗಟ್ಟಿಗಿತ್ತಿ, ಅದೇ ಡೈವಿಂಗ್ ಕಂಪನಿಯಲ್ಲಿ ಜನರನ್ನು ನೀರಿನಡಿಗೆ ಕರೆದೊಯ್ಯುವ ಕೆಲಸ ಮಾಡುತ್ತಾಳೆ. ಹೋದ ವರ್ಷ ಒಂದು ದಿನ ಕಡಲಿನಿಂದ ಬಂದವಳೇ ನನ್ನ ಜಗಲಿಯಲ್ಲಿ ಕುಳಿತು, 'ದೊಡ್ಡಪ್ಪ, ಲಂಗರು ಕಂಡೆ' ಎಂದಳು. ಹಡಗಿನ ಪಕ್ಕೆಲುಬುಗಳು ಬಂಡೆಯ ಬುಡದಲ್ಲಿವೆ, ಮೈತುಂಬ ಚಿಪ್ಪು ಹತ್ತಿ ಒಳಗೆಲ್ಲ ಮೀನು ಓಡಾಡುತ್ತದೆ, ಅದನ್ನು ಎಲ್ಲರೂ ನೋಡಿದ್ದಾರೆ. ಲಂಗರು ಮಾತ್ರ ಅಲ್ಲಿಲ್ಲ. ಬಂಡೆಯಿಂದ ಸಾಕಷ್ಟು ದೂರ, ಪಡುವಣಕ್ಕೆ, ಕೊಕ್ಕೆಯನ್ನು ನೆಲಕ್ಕೆ ಕಚ್ಚಿಕೊಂಡು ಕುಳಿತಿದೆ. 'ದೀಪ ಕಂಡು ಓಡಿ ಬಪ್ಪು ಹಡಗು ದಾರಿ ಮಧ್ಯ ಲಂಗರು ಹಾಕತ್ತಾ ದೊಡ್ಡಪ್ಪ?' ಎಂದು ಕೇಳಿದಳು. ದೊಡ್ಡಮ್ಮನ ಮಾತು ನೂರಕ್ಕೆ ನೂರು ನಿಜವಾಯಿತಲ್ಲ ಎಂದು ನನಗೆ ಕಣ್ಣು ತುಂಬಿತು.

ಅವಳು ಕಂಪನಿಯ ಯಜಮಾನನಿಗೆ ಹೇಳಿದಳು. 'ಲಂಗರು ನೋಡಲು ಯಾರು ಬರುತ್ತಾರಮ್ಮ, ಜನ ಬರುವುದು ಕಳ್ಳಿಗೆ' ಎಂದು ಅವನು ನಕ್ಕುಬಿಟ್ಟ. ಗುಲಾಬಿಯ ಮನೆಯ ಮೇಲಿನ ಕಟ್ಟನ್ನಾದರೂ ತೆಗೆಯಿರಿ ಎಂದು ಕೇಳಲು ನಾವಿಬ್ಬರೂ ಬೆಂಕಿಯ ಪದ್ಧತಿ ನೋಡಿಕೊಳ್ಳುವ ಕೇರಿಯ ಗುಡ್ಡೆ ಸಮಿತಿಗೆ ಹೋದೆವು. ಅಧ್ಯಕ್ಷ ನರಸಿಂಹಣ್ಣ ಎಲೆಯಡಿಕೆ ಜಗಿಯುತ್ತ, ಹಿರಿಯರು ಮಾಡಿದ ಕಟ್ಟು ಮುರಿಯಲು ನಾವು ಯಾರು ಎಂದ. ಹಿರಿಯರು ಖರ್ಜೂರ ಕದ್ದದ್ದನ್ನು ನೆನಪಿಸಿದೆ. ನನ್ನನ್ನು ಹೊರಗೆ ಕಳುಹಿಸಿದರು.

ಈ ಸಲ ಕಾರ್ತಿಕದ ಚಂಡಮಾರುತದಲ್ಲಿ ಶೀನನ ದೋಣಿ ಬರಲಿಲ್ಲ. ಉಳಿದವರೆಲ್ಲ ದಡ ಸೇರಿದ್ದರು. ಗುಲಾಬಿ ಬಚ್ಚಲೊಲೆಯ ಕೆಂಡವನ್ನು ಮಡಕೆಗೆ ತುಂಬಿ ಹೊರಟಳು. ಗುಡ್ಡೆಯ ಬುಡದಲ್ಲಿ ನರಸಿಂಹಣ್ಣ ಸಮಿತಿಯವರನ್ನು ಕಟ್ಟಿಕೊಂಡು ಅಡ್ಡ ನಿಂತಿದ್ದ. 'ಹ್ವಾಯ್ ಗುಲಾಬಿ, ಸುಮ್ನೆ ಮನಿಗ್ ಹೋಗ್' ಎಂದ.

'ಇದ್ ನಮ್ಮನಿ ಒಲಿ ಬೆಂಕಿ. ನನ್ನ ಗಂಡ ಬಂದ್ ಆರಿಸ್ಲಿ. ಬ್ಯಾಡ ಅಂಬುಕೆ ನೀವ್ಯಾರ್?' ಎಂದು ಅವಳು ಕೇಳಿದಳು. ಅವಳು ಅಳುತ್ತಿರಲಿಲ್ಲ. ನನಗೆ ಮಾತ್ರ ತಡೆಯಲಾಗಲಿಲ್ಲ. 'ದಾರಿ ಬಿಡು ನರಸಿಂಹ, ಇಲ್ಲದಿದ್ದರೆ ಈ ಕೆಂಡ ನಿನ್ನ ತಲೆಯ ಮೇಲೆ ಸುರಿಯುತ್ತೇನೆ' ಎಂದು ಕೂಗಿದೆ. ಅಷ್ಟರಲ್ಲಿ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಗುಲಾಬಿಯ ಹಿಂದೆ ನಿಂತರು. ನರಸಿಂಹಣ್ಣನ ಹೆಂಡತಿಯೂ ಬಂದಳು, ಸೌದೆ ಹೊತ್ತುಕೊಂಡು. ಅವನು ದಾರಿ ಬಿಟ್ಟ.

ಈಗ ನೀವು ಮುಳ್ಳುಕೋಡಿಗೆ ಬಂದರೆ ನೀರು ಇಳಿದಾಗ ಬಂಡೆ ಕಾಣುತ್ತದೆ, ದಕ್ಕೆಯಲ್ಲಿ ಆ ಬೋರ್ಡೂ ಕಾಣುತ್ತದೆ. ಗುಡ್ಡೆಯ ನೆತ್ತಿಯಲ್ಲಿ ಹೊಗೆಯೂ ಕಾಣುತ್ತದೆ. ಶೀನನನ್ನು ಹುಡುಕುವವರು ಹುಡುಕುವುದನ್ನು ನಿಲ್ಲಿಸಿ ತಿಂಗಳುಗಳೇ ಆದವು. ಗುಲಾಬಿ ಸೌದೆ ಒಟ್ಟುವುದನ್ನು ನಿಲ್ಲಿಸಿಲ್ಲ. ಕಂಪನಿಯ ದೋಣಿ ಬಂಡೆಯ ಹತ್ತಿರ ನಿಂತಾಗ ದೋಣಿಯವನು ಆ ಹೊಗೆಯತ್ತ ಬೆರಳು ತೋರಿಸಿ, 'ನೋಡಿ ನೋಡಿ, ಕಳ್ಳಿ ಈಗಲೂ ಬೆಂಕಿ ಹಾಕುತ್ತಾಳೆ' ಎನ್ನುತ್ತಾನೆ. ಜನ ಕಿರುಚಿ ಮೊಬೈಲು ಎತ್ತುತ್ತಾರೆ. ಮೊನ್ನೆ ಅದೇ ದೋಣಿಯಲ್ಲಿ ಒಬ್ಬಾಕೆಯ ಬೆನ್ನಿಗೆ ಸಿಲಿಂಡರು ಕಟ್ಟುತ್ತಿದ್ದ ವನಿತಾ ಪಟ್ಟಿಯನ್ನು ಬಿಗಿದು ಮುಗಿಸಿ, ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದಳಂತೆ: 'ಅದು ನನ್ನ ಅಮ್ಮ. ಅಪ್ಪ ಇನ್ನೂ ಬರಲಿಲ್ಲ.'