ಹೋದರು ಅಂದರೆ ಎಲ್ಲಿಗೆ?

“ಗುರುಗಳೇ, ವಿಚಾರಿಸಿಕೊಳ್ಳದ ಗೆಳೆಯರನ್ನು ಗೆಳೆಯರು ಅನ್ನಬಹುದೇ?” ಎಂದು ಶಿಷ್ಯ ಕೇಳಿದ.

“ನಿನ್ನನ್ನು ಯಾರು ವಿಚಾರಿಸಿಕೊಳ್ಳಲಿಲ್ಲ?” ಎಂದರು ಗುರುಗಳು.

“ನಾಲ್ಕು ಜನ. ಒಂದೇ ತಟ್ಟೆಯಲ್ಲಿ ಉಂಡವರು. ನಾನು ಆಶ್ರಮಕ್ಕೆ ಬಂದು ಒಂದು ವರ್ಷವಾಯಿತು. ಒಬ್ಬನೂ ಬರಲಿಲ್ಲ. ಕಾಗದವಿಲ್ಲ, ಫೋನಿಲ್ಲ. ಇದ್ದಾನೋ ಸತ್ತನೋ ಅಂತಲೂ ಕೇಳಲಿಲ್ಲ. ಅವರನ್ನು ಮನಸ್ಸಿನಿಂದ ತೆಗೆದುಹಾಕಬೇಕು ಅಂತಿದ್ದೇನೆ. ಹಾಕಲೇ?”

“ಹಾಕುವೆಯಂತೆ. ಅವಸರವೇನು? ಮೊದಲು ಒಂದು ಕತೆ ಕೇಳು,” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ವಿಮಾನ ನಡೆಸಿ ನಿವೃತ್ತರಾದ ಮೂವತ್ತು ಮಂದಿ ಪೈಲಟ್‌ಗಳಿದ್ದರು. ಅವರದೊಂದು ಸಂಘವಿತ್ತು. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಒಂದು ಹೋಟೆಲಿನ ಮಹಡಿಯಲ್ಲಿ ಸೇರುತ್ತಿದ್ದರು. ಇಡ್ಲಿ ತಿನ್ನುವುದು, ಕಾಫಿ ಕುಡಿಯುವುದು, ಹಾರಿಸಿದ ವಿಮಾನಗಳನ್ನೇ ಮತ್ತೆ ಹಾರಿಸುವುದು. ಈಗ ಕುರ್ಚಿಯಲ್ಲಿ ಕೂತು ಹಾರಿಸುತ್ತಿದ್ದುದರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ.

ಅವರ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಕೆಳಗೆ ಕಂಟ್ರೋಲ್ ಟವರಿನಲ್ಲಿ ಕೂತವನು ಏನು ಹೇಳಿದರೂ ಮೇಲಿದ್ದವನು ಅದನ್ನೇ ತಿರುಗಿ ಹೇಳಿ ಒಪ್ಪಿಸಬೇಕು. ‘ಎಡಕ್ಕೆ ತಿರುಗಿ’ ಎಂದಾಗ ‘ಆಯಿತು’ ಎಂದರೆ ಸಾಲದು. ‘ಎಡಕ್ಕೆ ತಿರುಗುತ್ತಿದ್ದೇನೆ’ ಎನ್ನಬೇಕು. ಅರ್ಧ ಕೇಳಿಸಿದ್ದರೆ ಅಲ್ಲೇ ಕೇಳಿ ತಿಳಿದುಕೊಳ್ಳಬೇಕು. ಒಬ್ಬನು ಹೇಳಿದ್ದನ್ನು ಇನ್ನೊಬ್ಬನು ಬೇರೆಯಾಗಿ ತಿಳಿದರೆ ಇನ್ನೂರು ಜನರ ಪ್ರಾಣ ಹೋಗುತ್ತದೆ.

ನಲವತ್ತು ವರ್ಷದ ಈ ಅಭ್ಯಾಸ ಮನೆಯಲ್ಲೂ ಬಿಟ್ಟಿರಲಿಲ್ಲ. ಹೆಂಡತಿ ‘ಎರಡು ಕಟ್ಟು ಕೊತ್ತಂಬರಿ ಸೊಪ್ಪು ತನ್ನಿ’ ಎಂದರೆ ‘ಕೊತ್ತಂಬರಿ ಸೊಪ್ಪು, ಎರಡು ಕಟ್ಟು, ತರುತ್ತಿದ್ದೇನೆ’ ಎನ್ನುತ್ತಿದ್ದರು. ಹೆಂಡತಿಯರಿಗೆ ಮೈಯುರಿಯುತ್ತಿತ್ತು. ಆದರೆ ಆ ಮೂವತ್ತು ಮನೆಗಳಲ್ಲಿ ಯಾವ ಗಂಡಸೂ ಕೊತ್ತಂಬರಿಯ ಬದಲು ಪುದೀನ ತಂದವನಲ್ಲ.

ಅವರಲ್ಲಿ ಒಬ್ಬನಿಗೆ ‘ಧಡಕ್’ ಎಂದು ಹೆಸರು. ತಾಯಿತಂದೆ ಇಟ್ಟ ಹೆಸರು ಬೇರೆ ಇತ್ತು, ಗೆಳೆಯರಿಗೆ ಅದು ಮರೆತೇ ಹೋಗಿತ್ತು. ಅವನು ವಿಮಾನ ಇಳಿಸಿದರೆ ಧಡಕ್ಕೆಂದು ಇಳಿಯುತ್ತಿತ್ತು. ಹಿಂದಿನ ಸೀಟಿನ ಅಜ್ಜನ ಹಲ್ಲುಸೆಟ್ಟು ಮುಂದಿನ ಸೀಟಿಗೆ ಬಂದುಬಿಡುತ್ತದೆ ಎಂದು ಗೆಳೆಯರು ಆಡಿಕೊಳ್ಳುತ್ತಿದ್ದರು. ಅವನ ಪಕ್ಕದ ಸೀಟಿನಲ್ಲಿ ಹದಿನಾಲ್ಕು ವರ್ಷ ಕೂತು ಹಾರಿದ ಕೋ-ಪೈಲಟ್ ಮೊಣ್ಣಪ್ಪ ಮಾತ್ರ, “ನಮ್ಮ ಅಣ್ಣ ಇಳಿಸಿದರೆ ಇಳಿದೆವು ಅಂತ ಖಾತ್ರಿಯಾಗುತ್ತೆ ಕಣ್ರೋ” ಎನ್ನುತ್ತಿದ್ದ.

ಧಡಕ್‌ನ ಹೆಂಡತಿ ತೀರಿಕೊಂಡಳು. ಮನೆ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ, ಮಂಡಿ ಕೈಕೊಟ್ಟಿತು. ಕಿವಿಯೂ ಮಂದವಾಯಿತು. ಅವನು ಮನೆ ಖಾಲಿ ಮಾಡಿ ಚಿಂತಾಮಣಿಯಲ್ಲಿದ್ದ ತಂಗಿಯ ಮನೆಗೆ ಹೋದ.

ಹೋಗುವಾಗ ಗೆಳೆಯರಿಗೆ ಹೇಳಲಿಲ್ಲ. ಹೇಳಬಾರದೆಂದೇ ಹೇಳಲಿಲ್ಲ. ಯಾರು ಮೊದಲು ಕೇಳುತ್ತಾರೋ ನೋಡೋಣ ಎಂದುಕೊಂಡ. ಸಂಘದ ವಾರ್ಷಿಕ ಸಭೆಗೆ ಎಂಟು ತಿಂಗಳಿತ್ತು. ಅಷ್ಟರೊಳಗೆ ಒಬ್ಬನಾದರೂ ಹುಡುಕಿಕೊಂಡು ಬಂದರೆ ಸರಿ. ಬಾರದಿದ್ದರೆ ಸಂಘ ಕೊಟ್ಟಿದ್ದ, ಎದೆಗೆ ಚುಚ್ಚಿಕೊಳ್ಳುವ ರೆಕ್ಕೆಯ ಬಿಲ್ಲೆಯನ್ನು ಸಭೆಯಲ್ಲೇ ವಾಪಸು ಕೊಟ್ಟು, ನಿಮಗೂ ನನಗೂ ಮುಗಿಯಿತು ಎಂದು ಬರುವುದು. ಹೀಗೆಂದು ನಿಶ್ಚಯ ಮಾಡಿದ.

ಮೊದಲ ತಿಂಗಳು ಯಾರೂ ಕೇಳಲಿಲ್ಲ. ಎರಡನೆಯ ತಿಂಗಳೂ ಕೇಳಲಿಲ್ಲ. ಅವರಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಮೂವತ್ತು ಜನರಿದ್ದರು, ಅದೇ ತೊಂದರೆ. ತಾನು ಕೇಳದಿದ್ದರೇನು, ಇನ್ನೊಬ್ಬ ಕೇಳಿರುತ್ತಾನೆ ಎಂದು ಒಬ್ಬೊಬ್ಬನೂ ಇನ್ನೊಂದು ಇಡ್ಲಿ ಹಾಕಿಸಿಕೊಂಡ.

ಐದನೆಯ ತಿಂಗಳಲ್ಲಿ ಸಂಘದ ಕಾರ್ಯದರ್ಶಿ ಮೊಮ್ಮಗಳ ಮದುವೆಯ ಕರೆಯೋಲೆ ಕೊಡಲು ಧಡಕ್‌ನ ಹಳೆಯ ಮನೆಗೆ ಹೋದ. ಕೆಳಗೆ ವಾಚ್‌ಮನ್ ಕೂತಿದ್ದ.

“ಸಾಹೇಬರು ಹೋಗಿ ಐದು ತಿಂಗಳಾಯ್ತಲ್ಲ ಸಾರ್. ನಿಮಗೆ ಗೊತ್ತಾಗ್ಲಿಲ್ವಾ?” ಎಂದ ವಾಚ್‌ಮನ್.

ಕಾರ್ಯದರ್ಶಿ ಕರೆಯೋಲೆಯನ್ನು ಜೇಬಿಗೆ ಹಾಕಿಕೊಂಡ. “ಅಯ್ಯೋ ದೇವರೇ. ಬಹಳ ನರಳಿದರಾ?”

“ಮಂಡಿನೋವು ಸಾರ್, ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಆ ದಿವಸ ನಾಲ್ಕು ಜನ ಹಿಡ್ಕೊಂಡು ಕೆಳಗಿಳಿಸಿದ್ವಿ.”

“ನಾಲ್ಕು ಜನ...”

“ಹೂಂ ಸಾರ್. ಅಮ್ಮಾವರು ಹೋದಮೇಲೆ ಅವರಿಗೂ ಇಲ್ಲಿರೋ ಮನಸ್ಸಿರ್ಲಿಲ್ಲ. ಅಲ್ಲಾದ್ರೂ ಆರಾಮಾಗಿರ್ಲಿ ಬಿಡಿ.”

ಕಾರ್ಯದರ್ಶಿ ಕಣ್ಣೊರೆಸಿಕೊಂಡು ಹಿಂತಿರುಗಿದ. ಒಂದು ವಿಮಾನ ಹೊರಟಿತು ಎಂದರೆ ಎಲ್ಲಿಗೆ ಎಂದು ಕೇಳದೆ ಬಿಟ್ಟ ಮನುಷ್ಯನಲ್ಲ ಅವನು. ಗೆಳೆಯ ಹೋದ ಎಂದಾಗ ಎಲ್ಲಿಗೆ ಎಂದು ಕೇಳಲಿಲ್ಲ. ಕೇಳುವುದೇನಿದೆ, ಗೊತ್ತಿರುವ ಜಾಗ ತಾನೇ ಎಂದುಕೊಂಡ.

ಆರನೆಯ ತಿಂಗಳಲ್ಲಿ ಒಂದು ಸಂಜೆ ಧಡಕ್ ಚಿಂತಾಮಣಿಯಲ್ಲಿ ತನ್ನ ಫೋನ್ ತೆಗೆದು ನೋಡಿದ. ಎರಡು ಮಿಸ್ಡ್ ಕಾಲ್ ಇದ್ದವು. ಎರಡೂ ಮೊಣ್ಣಪ್ಪನವು. ಫೋನ್ ಹೊಡೆದುಕೊಂಡಾಗ ಧಡಕ್‌ನ ಕಿವಿಯ ಯಂತ್ರ ಅಂಗಿಯ ಜೇಬಿನಲ್ಲಿತ್ತು. ಮಾತಾಡಿಸುವವರು ಬಂದಾಗ ಹಾಕಿಕೊಂಡರಾಯಿತು ಎಂದು ಅವನು ಅದನ್ನು ಜೇಬಿನಲ್ಲೇ ಇಡುತ್ತಿದ್ದ.

ಅವನಿಗೆ ಬಹಳ ಸಂತೋಷವಾಯಿತು. ಸಂತೋಷವಾದದ್ದನ್ನು ತೋರಿಸಿಕೊಳ್ಳಬಾರದೆಂದು ಮುಖ ಗಂಟುಹಾಕಿಕೊಂಡ.

“ಯಾರದಣ್ಣ ಫೋನು? ತಿರುಗಿ ಮಾಡಬಾರದಾ?” ಎಂದಳು ತಂಗಿ.

“ಎರಡೇ ಸಲ ಮಾಡಿದ್ದಾನೆ. ಮೂರನೆಯ ಸಲ ಮಾಡಲಿ. ನಾನು ಎಷ್ಟು ಬೇಕಾಗಿದ್ದೇನೆ ನೋಡೋಣ.”

“ಎಪ್ಪತ್ತೈದಾಯ್ತು, ಇನ್ನೂ ಗಂಡಿನ ಕಡೆಯವರ ಜಂಭ ಹೋಗಲಿಲ್ಲ ನಿನಗೆ,” ಎಂದು ತಂಗಿ ಒಳಗೆ ಹೋದಳು.

ಅಂದಿನಿಂದ ಅವನು ಕಿವಿಯ ಯಂತ್ರ ಹಾಕಿಕೊಂಡೇ ಕೂತ. ಮೂರನೆಯ ಕರೆ ಬರಲಿಲ್ಲ. ಒಂದು ತಿಂಗಳು ಕಾದು ಯಂತ್ರವನ್ನು ಮತ್ತೆ ಜೇಬಿಗೆ ಹಾಕಿದ.

ವಾರ್ಷಿಕ ಸಭೆಯ ದಿನ ಬಂತು. ಆ ಸಭೆಯಲ್ಲಿ ಎರಡು ಕೆಲಸ. ಆ ವರ್ಷ ಹೋದವರನ್ನು ನೆನೆಯುವುದು, ಆ ವರ್ಷ ಎಪ್ಪತ್ತೈದು ತುಂಬಿದವರಿಗೆ ಶಾಲು ಹೊದಿಸುವುದು. ಧಡಕ್ ಬಿಲ್ಲೆಯನ್ನು ಜೇಬಿನಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿದ. ಬಸ್ಸು ತಡವಾಯಿತು. ಅವನು ಮಹಡಿ ಹತ್ತಿ ಬರುವ ಹೊತ್ತಿಗೆ ಸಭೆ ನಡೆಯುತ್ತಿತ್ತು. ಎಂಟು ತಿಂಗಳ ಗಡ್ಡ ಬೇರೆ. ಯಾರೂ ಗುರುತಿಸಲಿಲ್ಲ. ಹೋಗಿ ಹಿಂದಿನ ಸಾಲಿನಲ್ಲಿ ಕೂತ.

ಎದುರಿಗೆ ಮೇಜಿನ ಮೇಲೆ ಎರಡು ಫೋಟೊಗಳಿದ್ದವು. ಒಂದು ತನ್ನದು, ಯೂನಿಫಾರ್ಮಿನಲ್ಲಿ ತೆಗೆಸಿಕೊಂಡದ್ದು. ಅದನ್ನು ನೋಡಿದವನು ಎರಡನೆಯದನ್ನು ನೋಡಲಿಲ್ಲ.

ನನಗೆ ಎಪ್ಪತ್ತೈದಾದದ್ದು ಇವರಿಗೆ ನೆನಪಿದೆ, ಶಾಲು ತಂದಿದ್ದಾರೆ ಎಂದುಕೊಂಡ. ಬಿಲ್ಲೆ ಕೊಡುವುದೋ ಬೇಡವೋ ಎಂದು ಯೋಚನೆಗೆ ಬಿದ್ದ.

ಅಷ್ಟರಲ್ಲಿ ಎಲ್ಲರೂ ಎದ್ದು ನಿಂತರು. ಅವನಿಗೆ ಏನೂ ಕೇಳಿಸಿರಲಿಲ್ಲ. ಎಲ್ಲರೂ ನಿಂತರಲ್ಲ ಎಂದು ಅವನೂ ನಿಂತ. ಎಲ್ಲರೂ ತಲೆ ಬಗ್ಗಿಸಿದರು. ಪಾಪ ಯಾರೋ ಹೋಗಿರಬೇಕು ಎಂದು ಅವನೂ ಬಗ್ಗಿಸಿದ. ಹೋದವನು ಯಾರೇ ಇರಲಿ, ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡ. ಹೀಗೆ ಅವನು ತನಗಾಗಿ ತಾನೇ ಒಂದು ನಿಮಿಷ ಮೌನವಾಗಿ ನಿಂತ.

ಕೂತ ಮೇಲೆ ಪಕ್ಕದವನು ಅವನ ಕಡೆ ಬಾಗಿದ. ಆ ಪಕ್ಕದವನಿಗೆ ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿದ್ದರು. ಅವನು ಏನೋ ಹೇಳುತ್ತಿದ್ದ. ಧಡಕ್ ಜೇಬಿನಿಂದ ಯಂತ್ರ ತೆಗೆದು ಕಿವಿಗೆ ಹಾಕಿಕೊಂಡ.

“ಒಳ್ಳೇ ಮನುಷ್ಯ ಕಣ್ರೀ. ನಿಮಗೆ ಪರಿಚಯ ಇತ್ತಾ?”

“ಯಾರು?”

“ನಮ್ಮ ಧಡಕ್. ಹೋಗಿಬಿಟ್ಟನಲ್ಲ.”

ಧಡಕ್ ಸ್ವಲ್ಪ ಹೊತ್ತು ಆ ಕಪ್ಪು ಕನ್ನಡಕವನ್ನೇ ನೋಡಿದ. “ಸ್ವಲ್ಪ ಪರಿಚಯ ಇತ್ತು,” ಎಂದ.

ಅತ್ತ ಕಾರ್ಯದರ್ಶಿ ಮಾತಾಡುತ್ತಿದ್ದ. “ಅವರು ವಿಮಾನ ಇಳಿಸುತ್ತಿದ್ದರೆ ಹೂ ಉದುರಿದ ಹಾಗೆ. ಲೋಟದ ಕಾಫಿಯ ನೊರೆ ಕೂಡ ಅಲುಗುತ್ತಿರಲಿಲ್ಲ.”

“ಸುಳ್ಳು!” ಎಂದ ಧಡಕ್, ಎದ್ದು ನಿಂತು.

ಎಲ್ಲರೂ ಹಿಂತಿರುಗಿ ನೋಡಿದರು. ಗಡ್ಡ ಹೊಸದಾದರೂ ದನಿ ಹಳೆಯದು. ಯಾರದೋ ಕೈಯಿಂದ ಲೋಟ ಬಿತ್ತು. ಕಪ್ಪು ಕನ್ನಡಕದವನು ಪಕ್ಕದ ತೋಳನ್ನು ಎರಡು ಸಲ ಮುಟ್ಟಿ ನೋಡಿ, ಕುರ್ಚಿಯನ್ನು ಒಂದಿಷ್ಟು ದೂರ ಎಳೆದುಕೊಂಡ.

“ನೀನು... ನೀನು ಹೋದೆಯಲ್ಲಯ್ಯಾ!” ಎಂದ ಕಾರ್ಯದರ್ಶಿ.

“ಹೋದೆ. ಹೋದ ಅಂದಾಗ ಎಲ್ಲಿಗೆ ಅಂತ ಒಬ್ಬನಾದರೂ ಕೇಳಿದನೇನ್ರೋ? ಹೆಂಡತಿ ಕೊತ್ತಂಬರಿ ಅಂದರೆ ಎರಡು ಕಟ್ಟೋ ಮೂರೋ ಅಂತ ಕೇಳೋ ಜನ ನೀವು! ಮೂವತ್ತು ಜನರಲ್ಲಿ ಒಬ್ಬನೂ ಕೇಳಲಿಲ್ಲ.”

ಅವನು ಮುಂದೆ ನಡೆದು ಬಂದು, ಜೇಬಿನಿಂದ ರೆಕ್ಕೆಯ ಬಿಲ್ಲೆ ತೆಗೆದು ಕಾರ್ಯದರ್ಶಿಯ ಮುಂದೆ ಹಿಡಿದ. “ತಗೋ.”

ಕಾರ್ಯದರ್ಶಿ ತೆಗೆದುಕೊಳ್ಳಲಿಲ್ಲ.

“ಒಬ್ಬ ಕೇಳಿದ,” ಎಂದ.

“ಯಾರು?”

ಕಾರ್ಯದರ್ಶಿ ಮೇಜಿನ ಮೇಲಿನ ಎರಡನೆಯ ಫೋಟೊ ತೋರಿಸಿದ. ಧಡಕ್ ಆಗ ಅದನ್ನು ನೋಡಿದ. ಅದು ಮೊಣ್ಣಪ್ಪನ ಫೋಟೊ.

“ಎರಡು ತಿಂಗಳ ಹಿಂದೆ ಆಸ್ಪತ್ರೆಯಲ್ಲಿದ್ದ,” ಎಂದ ಕಾರ್ಯದರ್ಶಿ. “ನೋಡೋಕೆ ಹೋದಾಗ ನಿನ್ನ ಸುದ್ದಿ ಹೇಳಿದೆ. ಧಡಕ್ ಹೋದ ಅಂದೆ. ‘ಧಡಕ್ ಅಣ್ಣ ಹೋದ. ಎಲ್ಲಿಗೆ?’ ಅಂದ. ನಾನು ಸುಮ್ಮನಿದ್ದೆ. ‘ಎಲ್ಲಿಗೆ ಹೇಳಯ್ಯಾ’ ಅಂತ ಮತ್ತೆ ಕೇಳಿದ. ಜ್ವರ ತಲೆಗೇರಿದೆ ಅಂದುಕೊಂಡೆವು. ಫೋನ್ ಕೊಡು ಅಂತ ಹಟ ಮಾಡಿದ. ಎರಡು ಸಲ ನಿನಗೆ ಮಾಡಿದ. ನೀನು ಎತ್ತಲಿಲ್ಲ. ಸತ್ತವನು ಹೇಗೆ ಎತ್ತುತ್ತಾನೆ ಅಂತ ನಾವೂ ಸುಮ್ಮನಾದೆವು. ಮೂರನೆಯ ಸಲ ಮಾಡೋಣ ಅಂತಿದ್ದ. ಅಷ್ಟರಲ್ಲಿ ಅವನಿಗೆ ಉಸಿರು ಸಾಲದೆ ಒಳಗೆ ಕರೆದುಕೊಂಡು ಹೋದರು. ಮತ್ತೆ ಹೊರಗೆ ಬರಲಿಲ್ಲ.”

ಧಡಕ್ ಕೈಯಲ್ಲಿದ್ದ ಬಿಲ್ಲೆಯನ್ನು ನೋಡಿದ. ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಎರಡನೆಯ ಫೋಟೊದ ಮುಂದೆ ಹೋಗಿ ನಿಂತ. ಯಾರೂ ಹೇಳದೆ, ಎಲ್ಲರೂ ಇನ್ನೊಂದು ಸಲ ಎದ್ದು ನಿಂತರು.

ಅವನು ಫೋಟೊಗೆ ಮಾತ್ರ ಕೇಳಿಸುವಷ್ಟು ಮೆಲ್ಲನೆಯ ದನಿಯಲ್ಲಿ ಹೇಳಿದ:

“ಚಿಂತಾಮಣಿಗೆ ಹೋಗಿದ್ದೆ, ಮೊಣ್ಣಪ್ಪ.”

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಇನ್ನೂ ಇದೆಯೇನೋ ಎಂದು ಗುರುಗಳ ಮುಖ ನೋಡಿದ. ಗುರುಗಳು ನೀರು ಕುಡಿದು ಚೊಂಬು ಕೆಳಗಿಟ್ಟರು.

“ತಪ್ಪು ಯಾರದು ಗುರುಗಳೇ? ಎಲ್ಲಿಗೆ ಅಂತ ಕೇಳದವರದೋ, ಹೇಳದೆ ಹೋದವನದೋ?” ಎಂದ ಶಿಷ್ಯ. ಅವನಿಗೆ ತನ್ನ ಮೊದಲ ಪ್ರಶ್ನೆ ಮರೆತಿರಲಿಲ್ಲ. “ನನ್ನ ವಿಷಯದಲ್ಲಿ ಹಾಗಲ್ಲ. ಆಶ್ರಮ ಎಲ್ಲಿದೆ ಅಂತ ಆ ನಾಲ್ವರಿಗೂ ಗೊತ್ತು. ಬಸ್ಸು ಕೂಡ ಬಾಗಿಲಿಗೇ ಬರುತ್ತದೆ. ಒಂದು ವರ್ಷದಲ್ಲಿ ಒಬ್ಬನೂ ಬರಲಿಲ್ಲ ಅಂದರೆ ಏನು ತಿಳಿಯಬೇಕು?”

“ಅದಿರಲಿ,” ಎಂದರು ಗುರುಗಳು, “ಆ ನಾಲ್ವರು ಹೇಗಿದ್ದಾರೆ?”