ಆಯಾ ಹಿಡಿದ ಮೈಕು

ನಮ್ಮೂರ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಬ್ಬಳು ಆಯಾ ಇದ್ದಳು. ಗಂಟೆ ಹೊಡೆಯುವವಳೂ ಅವಳೇ, ಗೇಟು ಕಾಯುವವಳೂ ಅವಳೇ.

ಒಂದು ದಿನ ಟ್ಯೂಷನ್ ಸೆಂಟರಿನ ರುದ್ರಮುನಿ ನೀರಿನ ಫಿಲ್ಟರ್ ಹೊರಿಸಿಕೊಂಡು ಹೆಡ್‌ಮಾಸ್ಟರ ಕೋಣೆಗೆ ಬಂದ. "ಇದು ಶಾಲೆಗೆ ನನ್ನ ದಾನ. ನಮ್ಮ ಟ್ಯೂಷನ್ನಿಗೆ ಕರೆಯೋಕೆ ಎಲ್ಲ ಹುಡುಗಿಯರ ಮನೆ ವಿಳಾಸ, ಫೋನ್ ನಂಬರು ಕೊಡಿ ಮೇಷ್ಟ್ರೇ," ಅಂದ.

ಹೆಡ್‌ಮಾಸ್ಟರು ಹಿಂಜರಿದರು.

"ಅದರಲ್ಲೇನು ಗುಟ್ಟು? ನನ್ನ ಮಗಳು ಸಂಜೆ ಸಂಗೀತದ ಪಾಠ ಮುಗಿಸಿ ಕೆರೆ ದಾರೀಲಿ ಒಬ್ಬಳೇ ಬರ್ತಾಳೆ. ನಾನು ಹೆದರ್ತೀನಾ? ಶಾಸಕರಿಂದ ಹೇಳಿಸ್ಲಾ?"

ಶಾಸಕರ ಹೆಸರೆತ್ತಿದ್ದೇ ತಡ, ಹೆಡ್‌ಮಾಸ್ಟರ ಕೈ ಕಂಪ್ಯೂಟರಿನ ಕಡೆ ಹೋಯಿತು.

ಬಾಗಿಲಲ್ಲಿದ್ದ ಆಯಾ ನಡುವೆ ಬಂದಳು. "ತಡೀರಿ ಸಾರ್. ದಾನಿಗಳ ವಿಷಯ ಮೊದಲು ಮೈಕಿನಲ್ಲಿ ಹೇಳೋದು ನಮ್ಮ ಶಾಲೆ ಪದ್ಧತಿ."

ರುದ್ರಮುನಿ ಮೀಸೆ ತಿರುವಿದ. "ಹೇಳಮ್ಮ, ಊರಿಗೆಲ್ಲ ಕೇಳೋ ಹಾಗೆ ಹೇಳು."

ಆಯಾ ಮೇಜಿನ ಮೇಲಿದ್ದ, ಮಾಳಿಗೆಯ ಲೌಡ್‌ಸ್ಪೀಕರಿನ ಮೈಕು ಹಿಡಿದಳು. "ಊರಿನವರೇ, ಕೇಳಿ! ದಾನಿ ರುದ್ರಮುನಿಯವರ ಮನೆ ಎಣ್ಣೆ ಗಾಣದ ಹಿಂದೆ. ಅವರ ಮಗಳು ಸಂಜೆ ಕೆರೆ ದಾರೀಲಿ ಒಬ್ಬಳೇ..."

ರುದ್ರಮುನಿ ಹಾರಿಬಂದು ಮೈಕು ಕಿತ್ತುಕೊಂಡ. "ಬುದ್ಧಿ ಇದೆಯೇನೇ ನಿಂಗೆ? ಎಂತೆಂಥವರು ಕೇಳಿಸ್ಕೊಳ್ತಾರೋ! ಬೆಳೆದ ಹುಡುಗಿ!"

"ನಾನು ಹೇಳಿದ್ದು ಒಬ್ಬಳ ವಿಷಯ ಸಾರ್. ನೀವು ಕೇಳಿದ್ದು ಇಡೀ ಶಾಲೆಯದು."

ರುದ್ರಮುನಿ ಕಿಟಕಿಯಾಚೆ ನೋಡುತ್ತ ಮೆಲ್ಲಗೆ ಕೇಳಿದ: "ಎಲ್ಲರಿಗೂ ಕೇಳಿಸ್ತಾ?"

"ಸ್ವಿಚ್ಚೇ ಹಾಕಿಲ್ಲ. ನಿಮ್ಮ ಮಗಳೂ ನಾನು ಕಾಯೋ ಹುಡುಗಿಯರ ಹಾಗೇ ಅಲ್ವಾ? ಮಕ್ಕಳನ್ನ ಕಾಯೋಳು ಅಂದ್ರೆ ಅವರ ವಿಳಾಸಾನೂ ಕಾಯಬೇಕು," ಎಂದಳು ಆಯಾ, ತಲೆಯೆತ್ತಿ.

ಹೆಡ್‌ಮಾಸ್ಟರು ಕಂಪ್ಯೂಟರ್ ಆರಿಸಿ ಕುರ್ಚಿಯಿಂದ ಎದ್ದು ನಿಂತರು. ದಾನಿಯಾದ ತನಗೆ ಮರ್ಯಾದೆ ಎಂದುಕೊಂಡು ರುದ್ರಮುನಿ ಕೈಮುಗಿಯಲು ಹೊರಟ. ಅವರು ಎದ್ದಿದ್ದು ಆಯಾಳಿಗೆ.